ಎಂಟು ಕೆಂಡ, ಒಂದು ಕೊಳಕು ಸ್ಪಂಜು

ಫೆಬ್ರವರಿ 3, ಬೆಳಿಗ್ಗೆ

ಇವತ್ತೂ ಹಸಿರು. ಮೀನಿನ ತೊಟ್ಟಿಯ ನೀರನ್ನು ಟೆಸ್ಟ್ ಟ್ಯೂಬಿಗೆ ಹಿಡಿದು ಹನಿ ಹಾಕಿದರೆ ಅದು ಹಳದಿಯಾಗಿ ಉಳಿಯಬೇಕು. ಆಗ ಮಾತ್ರ ಅಮೋನಿಯಾ ಇಲ್ಲ ಎಂದರ್ಥ. ನಿನ್ನೆಗಿಂತ ತುಸು ತೆಳುವಾದ ಹಸಿರು — ಅಥವಾ ಹಾಗೆ ಕಾಣಲಿ ಎಂಬ ಆಸೆ. ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ದೀಪದ ಕೆಳಗೂ ನೋಡಿದೆ. ಹಸಿರೇ.

ಮೀನಿಲ್ಲದ ತೊಟ್ಟಿಗೆ ದಿನಾ ಒಂದು ಚಿಟಿಕೆ ಮೀನಿನ ಆಹಾರ. ಅದು ಕೊಳೆಯಬೇಕು, ಕೊಳೆತದ್ದನ್ನು ತಿನ್ನುವ ಬ್ಯಾಕ್ಟೀರಿಯಾ ಫಿಲ್ಟರಿನ ಸ್ಪಂಜಿನಲ್ಲಿ ಸಂಸಾರ ಹೂಡಬೇಕು. ಆಮೇಲೆ ಮೀನು. ಗಂಡ ಹಲ್ಲುಜ್ಜುತ್ತಾ ಬಂದು ನಿಂತ.

"ಕೂಸು ಹುಟ್ಟೋಕೆ ಮುಂಚೆ ಕುಲಾವಿ ಅಂತಾರೆ. ನೀನು ಊಟಾನೂ ಶುರು ಮಾಡಿದ್ದೀಯಲ್ಲ."

ನಗು ಬಂತು. ಕಣ್ಣಿನ ಔಷಧಿ ತಯಾರಿಸುವ ಕಾರ್ಖಾನೆಯ ಲ್ಯಾಬಿನಲ್ಲಿ ನನ್ನ ಕೆಲಸವೆಂದರೆ ಗಾಜಿನ ತಟ್ಟೆಗಳನ್ನು ದಿಟ್ಟಿಸಿ "ಏನೂ ಬೆಳೆದಿಲ್ಲ" ಎಂದು ಸಹಿ ಹಾಕುವುದು. ಇಪ್ಪತ್ತು ವರ್ಷದಿಂದ ಅದೇ. ಮನೆಗೆ ಬಂದು, ಬೆಳೆಯಪ್ಪಾ ಬೆಳೆ, ಎಂದು ಸ್ಪಂಜಿಗೆ ಗೋಗರೆಯುವುದು.

ಯಾಕೆ ಬೇಕಿತ್ತು ಈ ತೊಟ್ಟಿ? ನಲವತ್ತೈದು ತುಂಬಿದ ದಿನ ನನಗೆ ನಾನೇ ಕೊಟ್ಟುಕೊಂಡದ್ದು. ನನ್ನದು ಅನ್ನುವ ಒಂದು ವಸ್ತು ಇರಲಿ ಎಂದು. ಸ್ವಾರ್ಥವೇ? ಇರಬಹುದು. ಇಷ್ಟು ಚಿಕ್ಕ ಸ್ವಾರ್ಥಕ್ಕೂ ವಿವರಣೆ ಬರೆಯುತ್ತಾ ಕೂತಿದ್ದೇನಲ್ಲ...

ಅತ್ತೆ ಹಾಲಿನ ಬಾಗಿಲಲ್ಲಿ ನಿಂತಿದ್ದರು. "ಇಲ್ಲಿ ಕೂರಲಾ?" ಸೋಫಾ ತೋರಿಸಿ ಕೇಳಿದರು. ನಮ್ಮ ಜೊತೆ ಇರಲು ಬಂದು ಐದು ತಿಂಗಳಾಯಿತು, ಈಗಲೂ ಕೇಳಿಯೇ ಕೂರುತ್ತಾರೆ. "ಖಂಡಿತ, ಅತ್ತೆ" ಅಂದೆ. ಮೊದಲು ಆಪರೇಷನ್ ಥಿಯೇಟರಿನ ಮೇಟ್ರನ್. ಅದರಿಂದ ನಿವೃತ್ತಿಯಾದ ಮೇಲೂ ಕಳೆದ ವರ್ಷದವರೆಗೆ ಒಂದು ನರ್ಸಿಂಗ್ ಹೋಮು ನಡೆದದ್ದು ಇವರ ಕಣ್ಸನ್ನೆಯಲ್ಲಿ. ಅಂಥವರು ನಮ್ಮ ಫ್ರಿಜ್ ತೆರೆಯಲು ಪರ್ಮಿಷನ್ ಕೇಳುತ್ತಾರೆ. ಎಷ್ಟು ಸಂಸ್ಕಾರ, ಎಂದು ಪ್ರತಿ ಸಲ ಅನ್ನಿಸುತ್ತದೆ.

ಫೆಬ್ರವರಿ 10, ಸಂಜೆ

ಹಳದಿ! ನಿಂಬೆಹಣ್ಣಿನ ಹಳದಿ! ಮೂರು ಸಲ ಟೆಸ್ಟ್ ಮಾಡಿದೆ. ಲ್ಯಾಬಿನಲ್ಲಿ ಹೀಗೆ ಕುಣಿದಿದ್ದರೆ ಕೆಲಸದಿಂದ ತೆಗೆಯುತ್ತಿದ್ದರು.

ಮೀನಂಗಡಿಗೆ ಹೋದೆ. ಅಂಗಡಿಯಾಕೆ ದಪ್ಪ ದನಿಯವಳು, ಬಲೆ ಕೈಯಲ್ಲೇ ಇರುತ್ತದೆ. ನಾಲ್ಕು ಎಂಬರ್ ಟೆಟ್ರಾ ಕೊಡಿ ಅಂದೆ. ಎಂಬರ್ ಅಂದರೆ ಕೆಂಡ, ಮೀನಿನ ಬಣ್ಣವೂ ಹಾಗೇ.

"ನಾಲ್ಕು ಕೊಡಲ್ಲ."

"ಸ್ಟಾಕ್ ಇಲ್ವಾ?"

"ಇದೆ. ಕೊಡಲ್ಲ. ಗುಂಪಿನ ಮೀನು ಇವು. ಎಂಟು ತಗೊಳ್ಳಿ, ಇಲ್ಲಾಂದ್ರೆ ಬೇರೆ ಯಾವುದಾದ್ರೂ ಒಂಟಿ ಮೀನು ತಗೊಂಡು ಹೋಗಿ. ನಾಲ್ಕೇ ಬಿಟ್ರೆ ಮೂಲೆ ಸೇರ್ಕೊಂಡು ಒಂದರ ಹಿಂದೆ ಒಂದು ಅಡಗ್ತವೆ. ಆಮೇಲೆ ಬಂದು ನನ್ನ ಮೇಲೆ ಕೂಗಾಡ್ತೀರ."

"ನಾನು ಕೂಗಾಡಲ್ಲ" ಅಂದೆ.

"ಎಲ್ಲರೂ ಹಾಗೇ ಅಂತಾರೆ."

ಎಂಟು ತಂದೆ. ಉಗುರಿನಷ್ಟುದ್ದದವು. ಚೀಲವನ್ನು ತೊಟ್ಟಿಯ ನೀರಿನ ಮೇಲೆ ತೇಲಿಸಿ, ಬಿಸಿ ಹೊಂದಿಕೊಳ್ಳಲಿ ಎಂದು ಕಾದು, ನಿಧಾನಕ್ಕೆ ಬಿಟ್ಟೆ. ಎಂಟೂ ಗಿಡದ ಹಿಂದೆ ಮಾಯ. ಅಂಗಡಿಯಲ್ಲಿ ಕಿತ್ತಳೆ ಬಣ್ಣ ಇದ್ದವು, ಇಲ್ಲಿ ಬಿಳಿಚಿ ನೀರಿನ ಬಣ್ಣವೇ ಆಗಿಬಿಟ್ಟವು. ಗಂಡ ಬಗ್ಗಿ ನೋಡಿದ. "ಮುಂಚೆ ಮೀನು ಇರ್ಲಿಲ್ಲ, ಕಾಣ್ತಿರ್ಲಿಲ್ಲ. ಈಗ ಮೀನು ಇದೆ, ಕಾಣಲ್ಲ. ಪ್ರಗತಿ."

ಫೆಬ್ರವರಿ 13, ಬೆಳಿಗ್ಗೆ

ಹೊರಗೆ ಬಂದವು!

ಟೀ ಲೋಟ ಹಿಡಿದು ನಿಂತಿದ್ದೆ. ಒಂದು ಗಿಡದಿಂದ ಮೂತಿ ಹಾಕಿತು. ಹಿಂದೆ ಇನ್ನೊಂದು. ಆಮೇಲೆ ಒಟ್ಟಿಗೆ ಎಲ್ಲ. ಬೂದಿ ಮುಚ್ಚಿದ ಕೆಂಡ ಅಂತಾರಲ್ಲ, ಆ ಬೂದಿಯನ್ನು ಯಾರೋ ಉಫ್ ಎಂದು ಊದಿದ ಹಾಗೆ. ಮೈಯೆಲ್ಲ ಕೆಂಪು-ಕಿತ್ತಳೆ. ಗಾಜಿನುದ್ದಕ್ಕೂ ಹೋದವು, ತುದಿಯಲ್ಲಿ ಒಂದೇ ಸಲಕ್ಕೆ ತಿರುಗಿದವು. ಯಾರು ಮೊದಲು ತಿರುಗಿದರು ಎಂದು ಎಷ್ಟು ನೋಡಿದರೂ ಗೊತ್ತಾಗಲಿಲ್ಲ. ಟೀ ತಣ್ಣಗಾಯಿತು. ಆಫೀಸ್ ಬಸ್ ತಪ್ಪಿತು. ಇಷ್ಟು ವರ್ಷದಲ್ಲಿ ಬಸ್ ತಪ್ಪಿದ್ದು ಮೊದಲ ಸಲ ಇರಬೇಕು. ಬೇಸರ ಆಗಲಿಲ್ಲ ಅನ್ನುವುದೇ ಆಶ್ಚರ್ಯ.

ಗಂಡನಿಗೆ ಲಿಫ್ಟ್ ರಿಪೇರಿ ಕೆಲಸ. ಪ್ರಪಂಚವನ್ನೆಲ್ಲ ಲಿಫ್ಟಿನೊಳಗಿಂದ ನೋಡುತ್ತಾನೆ. "ನಮ್ಮವರೂ ಹೀಗೇ. ಒಳಗೆ ಬಂದ ತಕ್ಷಣ ಎಲ್ಲರೂ ಒಂದೇ ಕಡೆ ಮುಖ. ಒಬ್ಬ ತಿರುಗಿದ್ರೆ ಎಲ್ಲ ತಿರುಗ್ತಾರೆ."

ಫೆಬ್ರವರಿ 22

ಅತ್ತೆ ರೌಂಡ್ಸ್ ಶುರು ಮಾಡಿದ್ದಾರೆ. ದಿನಾ ಬೆಳಿಗ್ಗೆ ಕನ್ನಡಕ, ಟಾರ್ಚ್, ಕೈ ಬೆನ್ನ ಹಿಂದೆ. ಮೀನುಗಳಿಗೆ ಬೆಡ್ ನಂಬರ್.

"ಬೆಡ್ ಮೂರು ಸರಿಯಾಗಿ ತಿಂತಿಲ್ಲ. ಬೆಡ್ ಆರು ಇನ್ನೊಬ್ಬರ ಪಾಲೂ ತಿಂತಿದ್ದಾನೆ. ಡಿಸಿಪ್ಲಿನ್ ಇಲ್ಲ."

"ಎಲ್ಲ ಒಂದೇ ಥರ ಕಾಣ್ತವಲ್ಲ ಅತ್ತೆ, ಹೇಗೆ ಗುರುತು ಹಿಡೀತೀರಿ?"

"ಮಾಸ್ಕ್ ಹಾಕಿದ ಡಾಕ್ಟರುಗಳನ್ನ ಕಣ್ಣು ನೋಡೇ ಗುರುತು ಹಿಡೀತಿದ್ದೆ. ಇದೇನು ಮಹಾ."

ಮೊದಲು ಸ್ವಲ್ಪ ಉರಿಯಿತು. ನನ್ನದು ಅನ್ನುವ ಒಂದೇ ವಸ್ತು, ಅದಕ್ಕೂ ಮೇಟ್ರನ್ ಬಂದರಲ್ಲ ಎಂದು. ಆದರೆ ಸಂಜೆ ಮನೆಗೆ ಬರುವಾಗ ಮೆಟ್ಟಿಲಲ್ಲೇ ನಗು ಬರತೊಡಗಿದೆ, ಇವತ್ತಿನ ರಿಪೋರ್ಟ್ ಏನಿರಬಹುದು ಎಂದು. ಐದು ತಿಂಗಳು ಒಂದೇ ಮನೆಯಲ್ಲಿದ್ದೂ ಇಷ್ಟು ಮಾತಾಡಿರಲಿಲ್ಲ ನಾವು.

ಊಟದ ಹೊತ್ತಿಗೆ ಹೇಳಿದರು. ಹಳೆಯ ಗೆಳತಿಯ ಫೋನ್ ಬಂದಿತ್ತಂತೆ. ಬೇರೆ ಊರಿನಲ್ಲಿ ನರ್ಸಿಂಗ್ ಹುಡುಗಿಯರ ಹಾಸ್ಟೆಲ್ ನಡೆಸುತ್ತಾರೆ. ಅಲ್ಲಿಗೆ ವಾರ್ಡನ್ ಆಗಿ ಬಾ ಅಂದಿದ್ದಾರೆ. ಸ್ವಂತ ರೂಮು, ಊಟ, ಹುಡುಗಿಯರ ಮೇಲೆ ದರ್ಬಾರು. ಮಾರ್ಚ್ ಮುಗಿಯುವುದರೊಳಗೆ ಹೇಳಬೇಕು.

"ನಿಮಗೂ ಹಗುರ ಆಗುತ್ತೆ" ಅಂದರು ಅತ್ತೆ, ತಟ್ಟೆ ನೋಡುತ್ತಾ.

ಗಂಡ ನನ್ನ ಮುಖ ನೋಡಿದ. ನಾನು ನೀರು ಕುಡಿದು, "ನಿಮ್ಮ ಇಷ್ಟ ಹೇಗೋ ಹಾಗೆ, ಅತ್ತೆ" ಅಂದೆ.

"ಥ್ಯಾಂಕ್ಸ್" ಅಂದರು.

ಸರಿಯಾಗಿಯೇ ಹೇಳಿದೆನಲ್ಲ? ಒತ್ತಾಯ ಮಾಡಬಾರದು. ಅವರ ಬದುಕು, ಅವರ ತೀರ್ಮಾನ. ಇಷ್ಟಾದರೂ ಮನಸ್ಸಿಗೆ ಸಮಾಧಾನವಿಲ್ಲ. ಒಂದು ಮಾತು ಸ್ಪಷ್ಟ ಮಾಡಿಕೊಳ್ಳುತ್ತೇನೆ, ಯಾರೂ ಓದುವುದಿಲ್ಲವಲ್ಲ: ಅವರು ಹೋಗುವುದು ನನಗೆ ಬೇಡ. ಹೋಗಬೇಡಿ ಎನ್ನಲು ಮಾತ್ರ ಬಾಯಿ ಬರಲಿಲ್ಲ. ಪ್ಲೀಸ್, ಸಾರಿ, ಥ್ಯಾಂಕ್ಯೂಗಳನ್ನು ಕಾನ್ವೆಂಟಿನಲ್ಲಿ ಬಾಯಿಪಾಠ ಮಾಡಿಸಿದ್ದರು. ಹಟ ಹಿಡಿಯುವುದನ್ನು ಯಾರೂ ಕಲಿಸಲಿಲ್ಲ.

ಮಾರ್ಚ್ 4

ಲ್ಯಾಬಿನಲ್ಲಿ ಆಡಿಟ್. ಹತ್ತು ದಿನದಿಂದ ಬರೆದಿಲ್ಲ. ಮೀನುಗಳನ್ನೂ ಸರಿಯಾಗಿ ನೋಡಿಲ್ಲ. ರೌಂಡ್ಸ್ ನಡೆಯುತ್ತಿದೆ ಎಂಬ ಧೈರ್ಯ.

ಬೆಳಿಗ್ಗೆ ಚಪ್ಪಲಿ ಹಾಕಿಕೊಳ್ಳುತ್ತಿದ್ದಾಗ ಅತ್ತೆ ಕೇಳಿದರು, "ಆ ಸ್ಪಂಜು ನೋಡಿದ್ಯಾ? ಕಂದು ಬಣ್ಣಕ್ಕೆ ತಿರುಗಿದೆ. ಒಳ್ಳೆ ಗಟಾರದ ಥರ."

"ಹೂಂ ಅತ್ತೆ, ತೊಳೀಬೇಕು" ಅಂದು ಓಡಿದೆ.

ಮಾರ್ಚ್ 5, ಸಂಜೆ

ಬಟ್ಟೆಯನ್ನೂ ಬದಲಿಸದೆ ಬರೆಯಲು ಕೂತಿದ್ದೇನೆ. ಬರೆದರೆ ಸಮಾಧಾನವಾಗಬಹುದು.

ಬಾಗಿಲು ತೆಗೆದಾಗಲೇ ವಾಸನೆ. ಕುಕ್ಕರಿನಿಂದ ಸುಟ್ಟ ರಬ್ಬರಿನಂಥ ಹಬೆ. ಅಡುಗೆಮನೆ ಕಟ್ಟೆಯ ಮೇಲೆ ಬಿಳಿ ಬಟ್ಟೆ ಹಾಸಿ, ತೊಟ್ಟಿಯ ಕಲ್ಲುಗಳನ್ನೆಲ್ಲ ಕುದಿಸಿ ಸಾಲಾಗಿ ಜೋಡಿಸಿದ್ದರು. ಪಕ್ಕದಲ್ಲಿ ಬಲೆ, ಪೈಪು, ಇಕ್ಕಳ. ಆಪರೇಷನ್ ಟ್ರೇಯ ಹಾಗೆ. ಅತ್ತೆ ತೋಳು ಮಡಚಿಕೊಂಡು ನಿಂತಿದ್ದರು, ಮುಖದಲ್ಲಿ ಗೆಲುವು.

"ಸರ್ಪ್ರೈಸ್! ನಿನ್ನ ಆಡಿಟ್ ಮುಗಿಯೋವರೆಗೂ ಇದು ಕಾಯಲ್ಲ ಅಂತ ನಾನೇ ಮಾಡ್ದೆ. ಸ್ಪಂಜಿಗೆ ಮೂರು ವಿಸಲ್. ಈಗ ಒಂದು ಕ್ರಿಮಿ ಇದ್ರೆ ಕೇಳು."

ತೊಟ್ಟಿಯ ಕಡೆ ಓಡಿದೆ. ಸ್ಫಟಿಕದಂಥ ನೀರು. ಸೀದಾ ನಲ್ಲಿಯಿಂದ ಹಿಡಿದದ್ದು, ಕ್ಲೋರಿನ್ನಿನ ವಾಸನೆ ಮೂಗಿಗೇ ಬಡಿಯಿತು. ಸ್ಪಂಜು ಹೊಸದರಂತೆ ಬೆಳ್ಳಗೆ. ಎಂಟು ಮೀನೂ ಮೇಲೆ ಬಂದು ಬಾಯಿ ಬಾಯಿ ಬಿಡುತ್ತಿದ್ದವು. ಬಣ್ಣವೇ ಇಲ್ಲ. ಒಂದು ವಾಲಿಕೊಂಡಿತ್ತು.

ಕೂಗಿದೆ. ನಾನು. "ಯಾರು ಹೇಳಿದ್ರು ನಿಮಗೆ ಇದನ್ನ ಮುಟ್ಟೋಕೆ? ಒಂದು ಮಾತು ಕೇಳಬಾರದಾ? ಎಲ್ಲದಕ್ಕೂ ಕೇಳ್ತೀರಿ — ಕೂರಲಾ, ಏಳಲಾ, ನೀರು ಕುಡೀಲಾ — ಕೇಳಬೇಕಾದ್ದನ್ನ ಕೇಳಲ್ಲ! ಕೊಂದುಬಿಟ್ರಲ್ಲ!"

ಮೇಲಿನ ಮನೆಯವರಿಗೂ ಕೇಳಿಸಿರಬೇಕು. ಗಂಡ ಬಾಗಿಲಲ್ಲೇ ಚೀಲ ಹಿಡಿದು ನಿಂತುಬಿಟ್ಟಿದ್ದ.

ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿದರು. ಆಮೇಲೆ ಒಂದೇ ಮಾತು: "ಏನು ಮಾಡ್ಬೇಕು, ಹೇಳು."

ಕ್ಲೋರಿನ್ ತೆಗೆಯುವ ಹನಿ ಕಪಾಟಿನಲ್ಲಿತ್ತು. ನಾನು ಎಣಿಸುತ್ತಾ ಹಾಕಿದೆ, ಅವರು ಲೋಟದಿಂದ ನೀರೆತ್ತಿ ಎತ್ತರದಿಂದ ಸುರಿಯುತ್ತಾ ಗಾಳಿ ಬೆರೆಸಿದರು. ಕೈ ಒಂದಿಷ್ಟೂ ಅಲುಗಲಿಲ್ಲ ಅವರದು. ಸ್ವಲ್ಪ ಹೊತ್ತಿಗೆ ಮೀನುಗಳು ಮೆಲ್ಲಗೆ ಕೆಳಗಿಳಿದವು. ಏಳು. ವಾಲಿಕೊಂಡಿದ್ದದ್ದು ಉಳಿಯಲಿಲ್ಲ. "ಬೆಡ್ ಮೂರು" ಅಂದರು ಅತ್ತೆ. ಮೊದಲೇ ಸರಿಯಾಗಿ ತಿನ್ನದಿದ್ದದ್ದು.

ಆಮೇಲೆ ಅವರಿಗೆ ಹೇಳಿದೆ: ಆ ಕಂದು ಬಣ್ಣವೇ ಇವುಗಳ ಉಸಿರು. ಮೀನಿನ ಕೊಳೆಯನ್ನು ತಿನ್ನುವ ಜೀವಗಳು ಅದರಲ್ಲಿದ್ದವು. ತೊಟ್ಟಿಯ ನೀರಲ್ಲೇ ಮೆಲ್ಲಗೆ ಅದ್ದಿ ಹಿಂಡಬೇಕು, ಅಷ್ಟೆ. ಈಗ ಅವು ಒಂದೂ ಇಲ್ಲ. ನಾಳೆಯಿಂದ ಮೀನಿನ ಕೊಳೆಯೇ ಮೀನಿಗೆ ವಿಷ.

ಇದನ್ನು ನಿನ್ನೆ ಬೆಳಿಗ್ಗೆ, ಚಪ್ಪಲಿ ಹಾಕಿಕೊಳ್ಳುವಾಗ, ಹೇಳಬಹುದಿತ್ತು. ಎರಡೇ ವಾಕ್ಯ. ನನ್ನ ತೊಟ್ಟಿ, ನನ್ನ ವಿದ್ಯೆ ಎಂದು ಬಚ್ಚಿಟ್ಟುಕೊಂಡಿದ್ದೆನೇ?

ಅತ್ತೆ ರೂಮಿಗೆ ಹೋದರು. ಅವರ ಬಾಗಿಲು ಇನ್ನೂ ಮುಚ್ಚಿಯೇ ಇದೆ. ಈಗ ಖಂಡಿತ ಹಾಸ್ಟೆಲಿಗೆ ಹೂಂ ಅನ್ನುತ್ತಾರೆ. ಅರವತ್ತೆಂಟರ ಹೆಂಗಸಿನ ಮೇಲೆ, ಮೀನಿಗೋಸ್ಕರ...

ಮಾರ್ಚ್ 6, ಮಧ್ಯಾಹ್ನ

ರಜೆ ಹಾಕಿದೆ. ಕ್ಷಮೆ ಕೇಳಲು ವಾಕ್ಯ ಜೋಡಿಸಿಕೊಂಡು ಹೊರಗೆ ಬಂದರೆ, ಅತ್ತೆ ಆಗಲೇ ಹೊರಡಲು ಸಿದ್ಧ. ಹಾಸ್ಟೆಲಿಗೇ ಎಂದುಕೊಂಡೆ. ನೋಡಿದರೆ ಕೈಯಲ್ಲಿ ಟಿಫಿನ್ ಡಬ್ಬಿ.

"ಆ ಜೀವಗಳು ಬೇರೆ ಕಡೆ ಸಿಗಲ್ವಾ? ರಕ್ತ ಕೊಡೋ ಹಾಗೆ, ಯಾರಾದ್ರೂ ಡೋನರ್?"

ಸಿಗುತ್ತದೆ! ಚೆನ್ನಾಗಿರುವ ಇನ್ನೊಂದು ತೊಟ್ಟಿಯ ಹಳೆಯ ಸ್ಪಂಜು. ನಿನ್ನೆಯ ಗಾಬರಿಯಲ್ಲಿ ನನಗೇ ಹೊಳೆದಿರಲಿಲ್ಲ.

ಅಂಗಡಿಯಾಕೆಗೆ ನಡೆದದ್ದನ್ನು ಹೇಳಿದೆ. ಕುಕ್ಕರಿನವರೆಗೂ ಗಂಭೀರವಾಗಿ ಕೇಳಿದಳು. ಮೂರು ವಿಸಲ್ ಅಂದ ಕೂಡಲೇ ಬಲೆ ಕೆಳಗಿಟ್ಟು, ಸ್ಟೂಲಿನ ಮೇಲೆ ಕೂತು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

"ನಗಬೇಡಮ್ಮ" ಅಂದರು ಅತ್ತೆ. "ನಿನ್ನ ಅಂಗಡೀಲಿರೋದ್ರಲ್ಲೆಲ್ಲ ಅತೀ ಕೊಳಕು ಸ್ಪಂಜು ಕೊಡು."

"ಎಲ್ಲರೂ ಮೀನು ಕೇಳ್ತಾರೆ. ಕೊಳಕು ಕೇಳಿಕೊಂಡು ಬಂದೋರು ನೀವೇ ಮೊದಲು." ಒಂದು ಪಾಚಿಗಟ್ಟಿದ ತೊಟ್ಟಿಯ ತಳದಿಂದ ಎತ್ತಿದಳು. ನೋಡಲಾಗದ್ದು. ಅತ್ತೆ ಎರಡೂ ಕೈಯೊಡ್ಡಿ ಈಸಿಕೊಂಡರು, ಆಗ ತಾನೆ ಹುಟ್ಟಿದ ಕೂಸಿನಂತೆ. ಡಬ್ಬಿಗೆ ಅದೇ ತೊಟ್ಟಿಯ ನೀರು ತುಂಬಿಸಿ ಅದರೊಳಗೆ ಮುಳುಗಿಸಿದರು. ಅಂಗೈಯೆಲ್ಲ ಕಪ್ಪು.

"ಕೈ ಕೆಸರಾದ್ರೆ ಬಾಯಿ ಮೊಸರು ಅಂತಾರೆ. ನನಗೂ ನಿನಗೂ ಕೈ ಕೆಸರಾದ್ರೆ ಕೆಲಸ ಹೋಗ್ತಿತ್ತು" ಅಂದರು, ನನ್ನ ಕಡೆ ತಿರುಗಿ.

ಬಸ್ಸಿನಲ್ಲಿ ಡಬ್ಬಿ ಅವರ ತೊಡೆಯ ಮೇಲೆ. ಮುಚ್ಚಳ ಅರ್ಧ ತೆಗೆದು, ಗಾಳಿ ಬೇಕೆಂದು. ಮುಂದಿನ ಸೀಟಿನವರು ಎದ್ದು ಬೇರೆ ಕಡೆ ಹೋದರು. ನಾನು ಜೋಡಿಸಿಕೊಂಡದ್ದನ್ನು ಶುರು ಮಾಡಿದೆ. "ಅತ್ತೆ, ನಿನ್ನೆ ನಾನು ಆ ಥರ ಕೂಗಬಾರದಿತ್ತು. ಐ ಆಮ್ ರಿಯಲಿ —"

"ಶ್! ಸಾರಿ ಕೇಳಿ ಹಾಳು ಮಾಡ್ಬೇಡ."

"ಏನನ್ನ?"

ಹೊರಗೆ ನೋಡುತ್ತಾ ಹೇಳಿದರು. "ಆಸ್ಪತ್ರೇಲಿ ವಿಐಪಿ ರೂಮ್ ಅಂತ ಇರ್ತಿತ್ತು. ಅಲ್ಲಿ ಪೇಷೆಂಟ್ ಏನು ಮಾಡಿದ್ರೂ ಯಾರೂ ಬೈಯೋ ಹಾಗಿಲ್ಲ. ಖಂಡಿತ ಸರ್, ನಿಮ್ಮಿಷ್ಟ ಮೇಡಂ. ನಮ್ಮ ಜನರಲ್ ವಾರ್ಡಲ್ಲಿ ಹಾಗಲ್ಲ. ಏ ಅಜ್ಜೀ, ಮಾತ್ರೆ ಉಗುಳಿದ್ರೆ ನೋಡು, ಅಂತ ಬೈದು ಬೈದೇ ನುಂಗಿಸೋದು. ಯಾವ ವಾರ್ಡಿನವರು ಬೇಗ ಹುಷಾರಾಗ್ತಿದ್ರು ಗೊತ್ತಾ?"

ಬಸ್ಸು ಕುಲುಕಿತು, ನಾನು ಡಬ್ಬಿಗೆ ಕೈ ಆನಿಸಿದೆ.

"ಆರು ತಿಂಗಳಿಂದ ನಾನು ವಿಐಪಿ ರೂಮಲ್ಲಿದ್ದೆ ಕಣೇ. ನಿನ್ನೆ ವಾರ್ಡಿಗೆ ಶಿಫ್ಟ್ ಆದೆ."

ಕಣೇ ಅಂದರು. ನನಗೆ. ಇಳಿಯಬೇಕಾದ ಸ್ಟಾಪ್ ದಾಟಿ ಹೋದದ್ದು ಇಬ್ಬರಿಗೂ ಗೊತ್ತಾಗಲಿಲ್ಲ. ನಡೆದುಕೊಂಡು ವಾಪಸ್ ಬಂದೆವು, ಡಬ್ಬಿ ತುಳುಕದ ಹಾಗೆ, ಸರದಿಯಲ್ಲಿ ಹಿಡಿದು.

ಕೇಳಿ ಕೇಳಿ ಕೂರುವುದು ಅವರ ಸಂಸ್ಕಾರ ಅಂದುಕೊಂಡಿದ್ದೆ. ನನ್ನ "ಖಂಡಿತ, ಅತ್ತೆ"ಯನ್ನು ಅವರು ಏನೆಂದುಕೊಂಡಿದ್ದರೋ.

ಮಾರ್ಚ್ 9

ದಿನಾ ನೀರು ಬದಲಾವಣೆ. ಬೆಳಿಗ್ಗೆ ಕಾಲು ತೊಟ್ಟಿ, ಸಂಜೆ ಕಾಲು ತೊಟ್ಟಿ. ಟ್ಯೂಬು ಮತ್ತೆ ಹಸಿರು. ಏಳೂ ಗಿಡದ ಹಿಂದೆ. ಊಟದ ಕಡೆ ತಿರುಗಿಯೂ ನೋಡುತ್ತಿಲ್ಲ.

ಬೆಳಿಗ್ಗೆ ಅತ್ತೆ: "ನಿನ್ನ ಬಕೆಟ್ ನೀರು ತಣ್ಣಗಿದೆ. ಥರ್ಮಾಮೀಟರ್ ಹಾಕ್ದೆ ಸುರೀತಿದ್ದೀಯಲ್ಲ, ಓದಿದೋಳು ಅನ್ನು!"

ನಾನು: "ನೀವು ಊಟ ಜಾಸ್ತಿ ಹಾಕ್ತಿದ್ದೀರಿ. ತಳದಲ್ಲಿ ನೋಡಿ."

"ಬೆಡ್ ಐದು ಹಸಿದಿದೆ."

"ಬೆಡ್ ಐದು ನಾಟಕ ಮಾಡ್ತಿದೆ."

ಗಂಡ ಪೇಪರಿನ ಹಿಂದಿನಿಂದ, "ಈ ಮನೇಲಿ ಮುಂಚೆ ಎಷ್ಟು ಶಾಂತಿ ಇತ್ತು" ಅಂದ. ಇಬ್ಬರೂ ಒಟ್ಟಿಗೆ ಅವನ ಕಡೆ ತಿರುಗಿದೆವು. ಪೇಪರ್ ಇನ್ನೂ ಮೇಲಕ್ಕೆ ಹೋಯಿತು.

ಮಾರ್ಚ್ 23, ಬೆಳಿಗ್ಗೆ

ಹಳದಿ. ನಿನ್ನೆಯೂ ಹಳದಿ, ಇವತ್ತೂ ಹಳದಿ. ಆ ಕೊಳಕು ಸ್ಪಂಜಿಗೆ ಒಂದು ನಮಸ್ಕಾರ!

ಏಳೂ ಹೊರಗೆ ಬಂದಿವೆ. ಕೆಂಡ ಮತ್ತೆ ಕೆಂಡ. ಅತ್ತೆ ಗಾಜಿಗೆ ಮೂಗು ತಾಗಿಸಿ ನೋಡಿ, "ಎಲ್ಲರಿಗೂ ಡಿಸ್ಚಾರ್ಜ್" ಎಂದು ಘೋಷಿಸಿದರು. ನನ್ನ ಬೆನ್ನ ಮೇಲೆ ಒಂದು ಗುದ್ದು ಕೂಡ ಬಿತ್ತು. ಮೇಟ್ರನ್ ಕೈ, ಚುರುಗುಟ್ಟುತ್ತಿದೆ. ಮೂವರೂ ನಿಂತು ನೋಡಿದೆವು. ಅವು ಆ ತುದಿಗೆ ಹೋದವು, ತಿರುಗಿದವು, ಈ ತುದಿಗೆ ಬಂದವು. ಅಷ್ಟೇ. ಅದಕ್ಕಿಂತ ಹೆಚ್ಚೇನೂ ಮಾಡುವುದಿಲ್ಲ ಅವು. ಅದನ್ನೇ ಮತ್ತೆ ಮತ್ತೆ ನೋಡುತ್ತಾ ನಾವೂ ಎಷ್ಟೋ ಹೊತ್ತು ಏನೂ ಮಾಡಲಿಲ್ಲ.

ಹಾಸ್ಟೆಲಿನ ವಿಷಯ ಯಾರೂ ಎತ್ತಿಲ್ಲ. ತಿಂಗಳು ಮುಗಿಯುತ್ತಾ ಬಂತು. ಬೈದಾಡುತ್ತಿದ್ದೇವೆ, ನಗುತ್ತಿದ್ದೇವೆ, ಹಾಗೆಂದ ಮಾತ್ರಕ್ಕೆ ಇಲ್ಲೇ ಇರುತ್ತಾರೆ ಎಂದು ತಿಳಿಯುವುದು ಸರಿಯೇ? ಅಲ್ಲಿ ಅವರಿಗೆ ಕೆಲಸ ಇದೆ, ಮರ್ಯಾದೆ ಇದೆ, ಕೋಣೆ ತುಂಬ ಹುಡುಗಿಯರಿದ್ದಾರೆ. ಇಲ್ಲಿ ಉಗುರಿನಷ್ಟು ಗಾತ್ರದ ಏಳು ಪೇಷೆಂಟು, ಒಬ್ಬಳು ಸೊಸೆ, ಪೇಪರಿನ ಹಿಂದೆ ಒಬ್ಬ ಮಗ. ಯಾವ ಮುಖ ಇಟ್ಟುಕೊಂಡು ಹೋಗಬೇಡಿ ಅನ್ನಲಿ?

ಗಂಡನನ್ನು ಕೇಳಿದೆ. "ನಾನು ಹೇಳಿದ್ರೆ ಮಗ ಅಂತ ಹೇಳಿದ ಹಾಗಾಗುತ್ತೆ. ಅಮ್ಮ ಕಾಯ್ತಿರೋದು ನನ್ನ ಮಾತಿಗಲ್ಲ" ಅಂದ. ಕೆಲವೊಮ್ಮೆ ಲಿಫ್ಟ್ ಸರಿಯಾದ ಮಹಡಿಯಲ್ಲೇ ನಿಲ್ಲುತ್ತದೆ.

ಮಾರ್ಚ್ 29, ಸಂಜೆ

ಹೇಳಿದೆ.

ಮೃದುವಾಗಿ ಹೇಳಬೇಕು, ಒತ್ತಾಯ ಅನ್ನಿಸಬಾರದು ಎಂದೆಲ್ಲ ಬಾತ್‌ರೂಮಿನ ಕನ್ನಡಿಯೆದುರು ರಿಹರ್ಸಲ್ ಮಾಡಿದ್ದೆ. ಹೊರಗೆ ಬಂದರೆ ಅತ್ತೆ ತೊಟ್ಟಿಯ ಮುಂದೆ ಕೂತು ಗಿಡದ ಒಣ ಎಲೆ ಕತ್ತರಿಸುತ್ತಿದ್ದರು. ಕಲಿತದ್ದೆಲ್ಲ ಮರೆತುಹೋಯಿತು.

"ನೀವು ಎಲ್ಲಿಗೂ ಹೋಗೋದು ಬೇಡ" ಅಂದೆ. ದನಿ ಬೇಕಾದ್ದಕ್ಕಿಂತ ದೊಡ್ಡದಾಗಿ ಬಂತು.

ಕತ್ತರಿ ನಿಂತಿತು. "ಇದು ರಿಕ್ವೆಸ್ಟಾ, ಆರ್ಡರಾ?"

"ಆರ್ಡರ್."

"ಯಾರ ಆರ್ಡರು?"

"ನನ್ನದು. ನನಗೆ ನೀವು ಬೇಕು. ಮೀನಿಗಲ್ಲ, ನಿಮ್ಮ ಮಗನಿಗಲ್ಲ. ನನಗೆ."

ಬರೆಯುವಾಗಲೂ ಮುಖ ಬಿಸಿಯಾಗುತ್ತಿದೆ.

ಅತ್ತೆ ಎಲೆ ಕತ್ತರಿಸಿದರು. ಇನ್ನೊಂದು ಕತ್ತರಿಸಿದರು, ಅದು ಒಣಗಿರಲೇ ಇಲ್ಲ. "ಅಲ್ಲಿ ನಲವತ್ತು ಹುಡುಗಿಯರಿದ್ದಾರೆ" ಅಂದರು.

"ಇರಲಿ."

"ಯೋಚನೆ ಮಾಡ್ತೀನಿ."

ಅಷ್ಟೇ. ಎದ್ದು ಹೋದರು. ಅತಿಯಾಯಿತೇ? ಹಟ ಮಾಡಿದೆನೇ? ಮಾಡಿದೆ. ಮಾಡಿದ್ದಕ್ಕೆ ವಿಷಾದ ಇದೆಯೇ ಎಂದು ಹುಡುಕುತ್ತಿದ್ದೇನೆ. ಸಿಗುತ್ತಿಲ್ಲ.

ಮಾರ್ಚ್ 30, ಬೆಳಿಗ್ಗೆ

ಶನಿವಾರ. ನೀರು ಬದಲಾಯಿಸುವ ದಿನ. ಬಾತ್‌ರೂಮಿನಲ್ಲಿ ನಲ್ಲಿಗೆ ಬಕೆಟ್ ಇಟ್ಟು, ತುಂಬುವವರೆಗೆ ನಾಲ್ಕು ಸಾಲು ಬರೆಯೋಣ ಎಂದು ರೂಮಿಗೆ ಬಂದು ಕೂತೆ. ರಾತ್ರಿ ಸರಿಯಾಗಿ ನಿದ್ದೆ ಬಂದಿಲ್ಲ. ಅತ್ತೆ ಇನ್ನೂ ಏನೂ ಹೇಳಿಲ್ಲ. ರೌಂಡ್ಸ್ ಮುಗಿಸಿ, ರಿಪೋರ್ಟ್ ಕೊಡದೆ, ಫೋನ್ ಹಿಡಿದು ಬಾಲ್ಕನಿಗೆ ಹೋದರು.

ಕದ್ದು ಕೇಳುವುದು ತಪ್ಪು. ಆದರೆ ಕಿಟಕಿ ತೆರೆದಿದೆ, ಅವರ ದನಿ ಆಪರೇಷನ್ ಥಿಯೇಟರಿನದು.

"...ಇಲ್ಲ ಕಣೇ, ಆಗಲ್ಲ. ...ರೂಮೇನೋ ಚೆನ್ನಾಗೇ ಇರುತ್ತೆ, ನಂಗೊತ್ತಿಲ್ವಾ. ...ಅಯ್ಯೋ, ಮಗ ಏನಂತಾನೆ, ಅವನಿಗೇನು ಗೊತ್ತು. ಸೊಸೆ ಬಿಡಲ್ಲ. ...ಹೂಂ. ತುಂಬಾ ಜೋರು! ನೋಡೋಕೆ ಸಾಧು, ಬಾಯಿ ತೆಗೆದ್ರೆ ಮುಗೀತು. ಮೊನ್ನೆ ನನ್ನ ಮೇಲೆ ಹೇಗೆ ಕೂಗಿದ್ಳು ಅಂತೀಯ, ಮೇಲಿನ ಮನೆಯವರೆಲ್ಲ ಬಾಗಿಲು ತೆಗೆದು ನೋಡಿದ್ರು. ...ನಿನ್ನೆ ಎದುರಿಗೆ ನಿಂತು ಆರ್ಡರ್ ಮಾಡಿದ್ಳು ಕಣೇ, ಹೋಗಕೂಡದು ಅಂತ! ನನಗೆ! ...ಏನು ಮಾಡೋದು, ಇಂಥೋಳು ಗಂಟುಬಿದ್ದಿದ್ದಾಳೆ..."

ಮೇಲಿನ ಮನೆಯವರು ಬಾಗಿಲು ತೆಗೆದೇ ಇರಲಿಲ್ಲ. ಹೆಮ್ಮೆಯಿಂದ ಸೇರಿಸಿದ್ದು. ನಾನು ಜೋರಂತೆ! ನಲವತ್ತೈದು ವರ್ಷದಲ್ಲಿ ಯಾರೂ ಅಂದಿರಲಿಲ್ಲ ಈ ಮಾತು. ಶಾಲೆಯ ಪ್ರತಿ ರಿಪೋರ್ಟ್ ಕಾರ್ಡಿನಲ್ಲೂ "ಕ್ವಯಟ್, ವೆಲ್-ಬಿಹೇವ್ಡ್" ಎಂದೇ ಇರುತ್ತಿತ್ತು. ಈಗ ಯಾವುದೋ ಊರಿನ ಯಾವುದೋ ಹಾಸ್ಟೆಲಿನಲ್ಲಿ ನನ್ನ ಹೆಸರು ಕೇಳಿದರೆ ಹೆದರುತ್ತಾರೆ. ಗಂಡನಿಗೆ ಹೇಳಬೇಕು. ಇಲ್ಲ, ಮೊದಲು ಅತ್ತೆಯ ಮುಂದೆ ಹೋಗಿ ನಿಂತು, ಏನೂ ಕೇಳಿಸಿಕೊಂಡಿಲ್ಲ ಎಂಬ ಮುಖ ಮಾಡಿ, ಏನಾದರೂ ಜೋರಾಗಿ ಹೇಳಬೇಕು. ಏನು ಹೇಳಲಿ? ಬೆಡ್ ಐದರ ಊಟದ ವಿಷಯ ಎತ್ತಿದರೆ —

"ಏಯ್! ಅಲ್ಲೇನು ಗೀಚ್ತಾ ಕೂತಿದ್ದೀಯ? ಬಕೆಟ್ ತುಂಬಿ ಹಾಲಿನವರೆಗೂ ಹರೀತಿದೆ, ಕಣ್ಣು ಕಾಣ್ಸಲ್ವಾ ನಿನಗೆ —"

ಅಯ್ಯೋ, ನಲ್ಲಿ! ಬಂದೆ ಅತ್ತೆ, ಬಂ